ಬಟ್ಟೆಯ ಬರದಲ್ಲಿ ಅರಳಿದ ಲಂಗ

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾವು ಮೊದಲು ಕಲಿತ ಪಾಠಗಳಲ್ಲೊಂದು ಅಗತ್ಯ ಮತ್ತು ವಿಲಾಸಗಳ ನಡುವಣ ವ್ಯತ್ಯಾಸ. ಮೈ ಮುಚ್ಚುವ ಬಟ್ಟೆ ಅಗತ್ಯ, ಕಣ್ಣು ಕೋರೈಸುವ ಬಟ್ಟೆ ವಿಲಾಸ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನೂ ಕಡತಗಳನ್ನು ಈ ಗೆರೆಯ ಆಚೆ ಈಚೆ ವಿಂಗಡಿಸಿದವನೇ. ಗೆರೆ ಅಷ್ಟೇನೂ ನೇರವಲ್ಲ ಎಂಬ ಅನುಮಾನ ಹುಟ್ಟಿದ್ದು ನಿವೃತ್ತಿಯ ನಂತರ, ಫ್ರಾನ್ಸಿನ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್‌ನ ಬದುಕನ್ನು ಓದಿದಾಗ.

ಡಿಯೋರ್ ಹುಟ್ಟಿದ್ದು 1905ರ ಜನವರಿ 21ರಂದು, ನಾರ್ಮಂಡಿಯ ಕಡಲತೀರದ ಗ್ರಾನ್‌ವಿಲ್ ಎಂಬ ಊರಿನಲ್ಲಿ. ತಂದೆ ರಸಗೊಬ್ಬರದ ಉದ್ಯಮಿ. ದೂರದ ಸಮುದ್ರಕ್ಕೆ ಮೀನು ಹಿಡಿಯಲು ಹೋಗುವ ಮುನ್ನ ನಾವಿಕರು ಸಂಭ್ರಮಿಸುತ್ತಿದ್ದ ವೇಷಗಳ ಹಬ್ಬವಾದ ಕಾರ್ನಿವಲ್‌ಗೆ ಆ ಊರು ಹೆಸರುವಾಸಿ. 2016ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಲಕ ಡಿಯೋರ್‌ನ ಮನಸ್ಸನ್ನು ಸೆಳೆದದ್ದು ಆ ವೇಷಗಳೇ. ಒಡಹುಟ್ಟಿದವರಿಗೆ, ಗೆಳೆಯರಿಗೆ ಆತನೇ ವೇಷಭೂಷಣಗಳನ್ನು ಕಲ್ಪಿಸಿ ಕೊಡುತ್ತಿದ್ದ. ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸರು ಹೇಳುತ್ತಿದ್ದ ಕಥೆಗಳಿಗೆ ಕಿವಿಗೊಟ್ಟು ಕೂರುವುದೆಂದರೆ ಅವನಿಗೆ ಬಲು ಇಷ್ಟ.

ಹೆತ್ತವರ ಕನಸು ಬೇರೆಯಿತ್ತು. ಮಗ ರಾಜತಾಂತ್ರಿಕ ಸೇವೆ ಸೇರಬೇಕೆಂದು ಪ್ಯಾರಿಸ್ಸಿನ ರಾಜ್ಯಶಾಸ್ತ್ರ ವಿದ್ಯಾಸಂಸ್ಥೆಗೆ ಸೇರಿಸಿದರು. ಆತನಿಗೆ ಅದು ಒಗ್ಗಲಿಲ್ಲ. 1928ರಲ್ಲಿ ಗೆಳೆಯನೊಡನೆ ಚಿತ್ರಕಲೆಯ ಗ್ಯಾಲರಿ ತೆರೆಯಲು ತಂದೆ ಹಣ ಕೊಟ್ಟರಾದರೂ ಒಂದು ಷರತ್ತು ಹಾಕಿದರು: ಮನೆತನದ ಹೆಸರು ಅಂಗಡಿಯ ಫಲಕದ ಮೇಲೆ ಬರಕೂಡದು. ವ್ಯಾಪಾರದ ಬೀದಿಯಲ್ಲಿ ಹೆಸರು ತೂಗಿದರೆ ಮಾನ ಹೋಗುತ್ತದೆಂಬ ಭಾವನೆ ಅಂದಿನ ಸಿರಿವಂತರದು. ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಇದು ಅಪರಿಚಿತವಲ್ಲ.

1931ರಲ್ಲಿ ತಾಯಿ ತೀರಿಕೊಂಡರು. ಅದೇ ವರ್ಷ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ತಂದೆಯ ಸಂಪತ್ತು ಕರಗಿತು. ಗ್ಯಾಲರಿಯೂ ಉಳಿಯಲಿಲ್ಲ. ಮೇಲೆ ಕ್ಷಯರೋಗ. ಮೂವತ್ತು ದಾಟುತ್ತಿದ್ದ ಡಿಯೋರ್ ಟೋಪಿಗಳ, ಉಡುಪುಗಳ ರೇಖಾಚಿತ್ರ ಬರೆದು ಮಾರಿ ಹೊಟ್ಟೆ ಹೊರೆದ. ಬಾಲ್ಯದ ಆಟವೇ ಕೊನೆಗೆ ಕೈಹಿಡಿಯಿತು. 1938ರಲ್ಲಿ ರಾಬರ್ಟ್ ಪಿಗೆ ಎಂಬ ವಿನ್ಯಾಸಕನ ಬಳಿ ನೌಕರಿ ದೊರೆಯಿತು. ಮರುವರ್ಷ ನಾಟಕವೊಂದಕ್ಕೆ ರೂಪಿಸಿದ ವೇಷಭೂಷಣಗಳು ಜನರ ಗಮನ ಸೆಳೆದವು.

ಯುದ್ಧಕಾಲದ ಅಧ್ಯಾಯ ಸರಳವಲ್ಲ. ಆತ ದುಡಿಯುತ್ತಿದ್ದ ಲ್ಯೂಸಿಯನ್ ಲೆಲಾಂಗ್ ಸಂಸ್ಥೆಯ ಗಿರಾಕಿಗಳಲ್ಲಿ ಜರ್ಮನ್ ಅಧಿಕಾರಿಗಳ ಮಡದಿಯರೂ ಇದ್ದರು. ಅತ್ತ ಆತನ ತಂಗಿ ಕ್ಯಾಥರೀನ್ ನಾಜಿಗಳ ವಿರುದ್ಧದ ಗುಪ್ತ ಹೋರಾಟದಲ್ಲಿದ್ದಳು. 1944ರಲ್ಲಿ ಸೆರೆಸಿಕ್ಕ ಆಕೆ ರಾವೆನ್ಸ್‌ಬ್ರೂಕ್ ಯಾತನಾ ಶಿಬಿರವನ್ನು ಕಂಡು, 1945ರಲ್ಲಿ ಬದುಕಿ ಮರಳಿದಳು. 1947ರಲ್ಲಿ ಡಿಯೋರ್ ಹೊರತಂದ ಮೊದಲ ಸುಗಂಧದ್ರವ್ಯ ‘ಮಿಸ್ ಡಿಯೋರ್’ ಹೆಸರಿನೊಂದಿಗೆ ಆಕೆಯ ನೆನಪು ಬೆಸೆದುಕೊಂಡಿದೆ.

1946ರಲ್ಲಿ ಹತ್ತಿ ಗಿರಣಿಗಳ ಧಣಿ ಮಾರ್ಸೆಲ್ ಬೂಸಾಕ್ ಬಂಡವಾಳ ಹೂಡಲು ಮುಂದಾದ. ಹಳೆಯ ಸಂಸ್ಥೆಯೊಂದಕ್ಕೆ ಜೀವ ತುಂಬು ಎಂದು ಆತ ಕರೆದರೆ, ತನ್ನದೇ ಹೆಸರಿನ ಹೊಸ ಸಂಸ್ಥೆ ಬೇಕೆಂದು ಡಿಯೋರ್ ಪಟ್ಟು ಹಿಡಿದ. 1947ರ ಫೆಬ್ರವರಿ 12ರ ಕೊರೆಯುವ ಚಳಿಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಬಿಗಿದ ನಡು, ಹೂವಿನಂತೆ ಅರಳಿದ ನೆರಿಗೆ ಲಂಗ. ಕೆಲವು ಲಂಗಗಳಿಗೆ ಹತ್ತು ಮೀಟರಿಗೂ ಹೆಚ್ಚು ಬಟ್ಟೆ ಹಿಡಿದಿತ್ತು. ಅಮೆರಿಕದ ಪತ್ರಕರ್ತೆ ಕಾರ್ಮೆಲ್ ಸ್ನೋ ಅದನ್ನು ‘ನ್ಯೂ ಲುಕ್’ ಎಂದು ಕರೆದಳು. ಆ ಹೆಸರೇ ನಿಂತಿತು.

ಆದರೆ ಅದು ಬಟ್ಟೆಯ ಬರದ ಕಾಲ. ಬ್ರಿಟನ್ನಿನಲ್ಲಿ ಉಡುಪಿನ ಪಡಿತರ ಮುಗಿದದ್ದು 1949ರಲ್ಲಿ. ಅಲ್ಲಿನ ಸಚಿವ ಸ್ಟಾಫರ್ಡ್ ಕ್ರಿಪ್ಸ್ ಈ ಉದ್ದ ಲಂಗಗಳನ್ನು ವಿರೋಧಿಸಿದರು. 1942ರಲ್ಲಿ ಸಂಧಾನಕ್ಕೆಂದು ಭಾರತಕ್ಕೆ ಬಂದಿದ್ದ ಕ್ರಿಪ್ಸ್ ಅವರೇ. ಪ್ಯಾರಿಸ್ಸಿನ ಮಾರುಕಟ್ಟೆಯ ಬೀದಿಯಲ್ಲಿ ಛಾಯಾಚಿತ್ರಕ್ಕೆ ನಿಂತ ರೂಪದರ್ಶಿಯ ಉಡುಪನ್ನು ಸಿಟ್ಟಿಗೆದ್ದ ಹೆಂಗಸರು ಹರಿದೆಳೆದರು. ಅದೇ ದಶಕದಲ್ಲಿ ನಮ್ಮಲ್ಲೂ ಬಟ್ಟೆಗೆ ನಿಯಂತ್ರಣವಿತ್ತು. ಸೀರೆಯೊಂದಕ್ಕೆ ಪಟ್ಟ ಪಾಡನ್ನು ಹಿರಿಯರಿಂದ ಕೇಳಿ ಬೆಳೆದ ನನಗೆ ಆ ಹೆಂಗಸರ ಕೋಪ ಅರ್ಥವಾಗುತ್ತದೆ. ನಾನು ಅಂದು ಅಧಿಕಾರಿಯಾಗಿದ್ದರೆ ಕ್ರಿಪ್ಸ್ ಅವರ ಪರವಾಗಿಯೇ ಟಿಪ್ಪಣಿ ಬರೆಯುತ್ತಿದ್ದೆ.

ಬರೆದಿದ್ದರೆ, ಲೆಕ್ಕದ ಒಂದು ಪುಟವನ್ನಷ್ಟೇ ಓದಿದವನಾಗುತ್ತಿದ್ದೆ. 85 ಮಂದಿಯಿಂದ ಆರಂಭವಾದ ಸಂಸ್ಥೆ ಹತ್ತು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಉದ್ಯೋಗ ಕೊಟ್ಟಿತು. ಯುದ್ಧದಿಂದ ಬರಿದಾಗಿದ್ದ ಫ್ರಾನ್ಸಿಗೆ ಡಾಲರ್ ತಂದಿತು. ಕಸೂತಿಯವರು, ಗುಂಡಿ ಮಾಡುವವರು, ನೇಯ್ಗೆಯವರು ಮತ್ತೆ ಕೆಲಸ ಕಂಡರು. ಅಭಾವದಲ್ಲಿ ಸಮಪಾಲು ನ್ಯಾಯ, ನಿಜ. ಆದರೆ ಕೈಕಸುಬನ್ನು ವಿಲಾಸವೆಂದು ತಳ್ಳಿದರೆ, ಅಭಾವ ಕಳೆಯುವ ಹೊತ್ತಿಗೆ ಕಸುಬುದಾರನೇ ಉಳಿದಿರುವುದಿಲ್ಲ. ನಮ್ಮ ನೇಕಾರರ ಬಗ್ಗೆ ನೀತಿ ರೂಪಿಸುವವರಿಗೂ ಈ ಮಾತು ಸಲ್ಲುತ್ತದೆ.

1957ರ ಅಕ್ಟೋಬರ್ 24ರಂದು, 52ನೇ ವಯಸ್ಸಿನಲ್ಲಿ, ಡಿಯೋರ್ ಇಟಲಿಯಲ್ಲಿ ನಿಧನನಾದ. ಆತನ ಸ್ಥಾನಕ್ಕೆ ಬಂದದ್ದು 21ರ ಹರೆಯದ ಈವ್ ಸ್ಯಾನ್ ಲೊರಾಂ. ವೇಷ ಕಟ್ಟಿ ಆಡಿದ ಗ್ರಾನ್‌ವಿಲ್‌ನ ಮನೆ ಇಂದು ವಸ್ತುಸಂಗ್ರಹಾಲಯ. ಅಂಗಡಿಯ ಫಲಕದ ಮೇಲೆ ಬರಕೂಡದೆಂದು ಹೆತ್ತವರು ತಡೆದ ಹೆಸರನ್ನು ಇಂದು ಓದಲು ಮುಂಬಯಿ, ದೆಹಲಿಯ ಅಂಗಡಿಗಳ ಮುಂದೆ ನಡೆದರೆ ಸಾಕು.