ಸುರಪುರದ ದೊರೆ ನಾಲ್ವಡಿ ರಾಜಾ ವೆಂಕಟಪ್ಪ ನಾಯಕರು

ಕೃಷ್ಣೆ ಮತ್ತು ಭೀಮೆ ಈ ಎರಡು ಹೊಳೆಗಳ ಆಸರೆಯಲ್ಲಿ ಬೆಳೆದ ನಮ್ಮ ಸಗರನಾಡು ದೇವರ ನಾಡೂ ಹೌದು, ವೀರರ ನಾಡೂ ಹೌದು. ಮೈಲಾಪುರದ ಮಲ್ಲಯ್ಯ, ತಿಂಥಣಿಯ ಮೌನೇಶ್ವರ, ಶಹಾಪುರದ ಚರಬಸವೇಶ್ವರ, ಸುರಪುರದ ವೇಣುಗೋಪಾಲಸ್ವಾಮಿ ಎಂದು ಹೆಸರು ತೆಗೆದುಕೊಳ್ಳುತ್ತ ಹೋದರೆ ವರ್ಷದ ಜಾತ್ರೆಗಳೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಈ ಮಣ್ಣಿನಲ್ಲಿ ಹುಟ್ಟಿ, ಇಪ್ಪತ್ನಾಲ್ಕು ವರ್ಷ ತುಂಬುವ ಹೊತ್ತಿಗೆ ಪ್ರಾಣ ಬಿಟ್ಟು, ಇವತ್ತಿಗೂ ಮನೆಮನೆಯಲ್ಲಿ ಉಳಿದಿರುವ ಒಬ್ಬ ದೊರೆಯ ಕಥೆಯನ್ನು ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ನಮ್ಮ ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಮನೆತನ ಮತ್ತು ಮನೆದೇವರು

ಸುರಪುರದ ಅರಸರು ಬೇಡ ನಾಯಕರು. ಬಲವಂತ ಬಹರಿ ಬಹದ್ದೂರ ಎಂಬುದು ಅವರ ಬಿರುದು. ಮೊದಲು ಅವರ ಬಲವೆಲ್ಲ ವಾಗಿಣಗೇರಾ ಕೋಟೆಯಲ್ಲಿತ್ತು. 1705ರಲ್ಲಿ ದಿಲ್ಲಿಯ ಬಾದಶಹ ಔರಂಗಜೇಬ ತಾನೇ ಖುದ್ದಾಗಿ ದಂಡು ತಗೊಂಡು ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಆತನ ಆಯುಷ್ಯದ ಕೊನೆಯ ದೊಡ್ಡ ಮುತ್ತಿಗೆ ಅದೇ. ಕೋಟೆ ಏನೋ ಸಿಕ್ಕಿತು, ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಎರಡೇ ವರ್ಷದಲ್ಲಿ ಬಾದಶಹ ತೀರಿಕೊಂಡ. ನಾಯಕರು ಗುಡ್ಡದ ನಡುವಿನ ಸುರಪುರದಲ್ಲಿ ನೆಲೆ ಗಟ್ಟಿ ಮಾಡಿಕೊಂಡರು.

ಊರು ಕಟ್ಟಿದವರು ಗುಡಿಯನ್ನೂ ಕಟ್ಟಿದರು. ವೇಣುಗೋಪಾಲಸ್ವಾಮಿಯ ಗುಡಿ ಅರಮನೆಯ ಗುಡಿಯಾಗಿ ಬೆಳೆಯಿತು. ತಿರುಪತಿ ತಿಮ್ಮಪ್ಪನ ಮೇಲೂ ಈ ಮನೆತನಕ್ಕೆ ಬಹಳ ಭಕ್ತಿ. ಅದಕ್ಕೇ ಈ ವಂಶದಲ್ಲಿ ವೆಂಕಟಪ್ಪ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಶ್ರೀವೈಷ್ಣವ ಆಚಾರ್ಯರು ರಾಜಗುರುಗಳಾಗಿದ್ದರು. ಆದರೂ ಶರಣರ ಮಠ, ಸೂಫಿಗಳ ದರ್ಗಾ, ಮೌನಪ್ಪಯ್ಯನ ಗದ್ದಿಗೆ ಎಲ್ಲದಕ್ಕೂ ಈ ಸೀಮೆಯಲ್ಲಿ ನಡೆದುಕೊಳ್ಳುವವರು ಇದ್ದರು, ಇವತ್ತಿಗೂ ಇದ್ದಾರೆ. ಶ್ರಾವಣದಲ್ಲಿ ಗೋಪಾಲಸ್ವಾಮಿಯ ಜಾತ್ರೆ ಬಂತೆಂದರೆ ಹಾಲೋಕುಳಿ ಮತ್ತು ಕಂಬ ಏರುವ ಆಟ ನೋಡಲು ಸುತ್ತಲಿನ ಹಳ್ಳಿಗಳ ಜನ ಮುಗಿಬೀಳುತ್ತಾರೆ. ಜಾರುವ ಎತ್ತರದ ಕಂಬ, ಮೇಲಿಂದ ಎರಚುವ ನೀರು, ಅರ್ಧಕ್ಕೆ ಏರಿ ಸರ್ರನೆ ಜಾರಿ ಬೀಳುವ ಹುಡುಗರು, ಮತ್ತೆ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಏರುವ ಛಲ! ನೋಡಿದವರಿಗೇ ಗೊತ್ತು ಅದರ ಸೊಗಸು.

ಸಾಲ ಹೊತ್ತ ಸಂಸ್ಥಾನ

ವೆಂಕಟಪ್ಪ ನಾಯಕರು ಹುಟ್ಟಿದ್ದು 1834ರ ಸುಮಾರಿಗೆ. ತಂದೆ ರಾಜಾ ಕೃಷ್ಣಪ್ಪ ನಾಯಕರು, ತಾಯಿ ರಾಣಿ ಈಶ್ವರಮ್ಮ. ಕೂಸು ಹುಟ್ಟುವ ಮೊದಲೇ ಮನೆಗೆ ಸಾಲ ಹುಟ್ಟಿತ್ತು. ಕೃಷ್ಣಪ್ಪ ನಾಯಕರು ಪಟ್ಟಕ್ಕೆ ಬರುವಾಗ ನಿಜಾಮ ಸರಕಾರ 15 ಲಕ್ಷ ರೂಪಾಯಿ ನಜರಾಣೆ ಕೇಳಿತು. ಆಗಿನ 15 ಲಕ್ಷ ಎಂದರೆ ಸಣ್ಣ ಮಾತಲ್ಲ. ಕೊಡುತ್ತೇವೆಂದು ಒಪ್ಪಿದ್ದಾಯಿತು, ಕೊಡಲು ಗಂಟಿರಲಿಲ್ಲ. ಸಾವುಕಾರರ ಹತ್ತಿರ ಸಾಲ, ಸಾಲದ ಮೇಲೆ ಬಡ್ಡಿ, ಬಡ್ಡಿ ತೀರಿಸಲು ಮತ್ತೊಂದು ಸಾಲ. ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಸಹಕಾರಿ ಸಂಘದ ಸದಸ್ಯರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಕಿ ಬೆಳೆದ ಹಾಗೆ ಹೊರಗಿನವರು ಒಳಗೆ ಬಂದರು. 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸುರಪುರಕ್ಕೆ ಕಾಲಿಟ್ಟ.

ಮರುವರ್ಷವೇ, 1842ರಲ್ಲಿ, ಕೃಷ್ಣಪ್ಪ ನಾಯಕರು ತೀರಿಕೊಂಡರು. ಪಟ್ಟದ ಹಕ್ಕುದಾರ ಏಳೆಂಟು ವರ್ಷದ ಹುಡುಗ. ಒಂದು ಕಡೆ ತಾಯಿ ಈಶ್ವರಮ್ಮ, ಇನ್ನೊಂದು ಕಡೆ ಕಾಕಾ ಪಿಡ್ಡ ನಾಯಕರು, ಹೀಗೆ ದರಬಾರಿನಲ್ಲಿ ಎರಡು ಪಂಗಡ. ಇವರಿಬ್ಬರ ನಡುವೆ ಟೇಲರ್ ಕಾರಭಾರ ಹಿಡಿದ. ಕಂದಾಯದ ಲೆಕ್ಕ ಸರಿಮಾಡಿಸಿದ. ಬೋನಾಳ ಕೆರೆಯ ಕೆಲಸ ಮಾಡಿಸಿದ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಅದೇ ಟೇಲರ್ ಮಂಜಿಲ್. ರಾಜನಕೋಳೂರು, ವಿಭೂತಿಹಳ್ಳಿ ಕಡೆಯ ಬಲು ಪುರಾತನ ಕಲ್ಲುಗೋರಿಗಳನ್ನು, ಕಲ್ಲುಗುಂಡುಗಳ ಸಾಲನ್ನು ಅಳೆದು ಬರೆದು ಲೋಕಕ್ಕೆ ತೋರಿಸಿದವನೂ ಈತನೇ. ಬಾಲರಾಜನಿಗೆ ಈತನ ಮೇಲೆ ಎಷ್ಟು ಸಲಿಗೆ ಎಂದರೆ ಅಪ್ಪಾ ಎಂದೇ ಕರೆಯುತ್ತಿದ್ದ. ಟೇಲರನಿಗೂ ಹುಡುಗನ ಮೇಲೆ ಮಮತೆ ಇತ್ತು. ಆದರೆ ಮಮತೆ ಬೇರೆ, ಚಾಕರಿ ಬೇರೆ. ಆತ ಉಂಡದ್ದು ನಿಜಾಮನ ಮತ್ತು ಇಂಗ್ಲಿಷರ ಅನ್ನ ಎಂಬುದನ್ನು ನಾವು ಮರೆಯಬಾರದು.

ಈ ಕಾಲದ ಒಂದು ಸಂಗತಿಯನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಹುಡುಗ ಹುಟ್ಟಿದಾಗ ಬರೆಸಿದ ಜಾತಕದಲ್ಲಿ ಆತ ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದಿತ್ತಂತೆ. ತಾಯಿ ಈಶ್ವರಮ್ಮ ಈ ಗುಟ್ಟನ್ನು ಎದೆಯಲ್ಲಿ ಇಟ್ಟುಕೊಂಡು ಬದುಕಿದಳು, ಟೇಲರನಿಗೂ ಅದನ್ನು ತಿಳಿಸಿದ್ದಳು. ಜಾತಕ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆ ತಾಯಿಯ ಸಂಕಟ ಮಾತ್ರ ಯಾವ ತಾಯಿಗಾದರೂ ತಿಳಿಯುವಂಥದು.

1857-58ರ ಬಿರುಗಾಳಿ

1853ರಲ್ಲಿ ಸಂಸ್ಥಾನದ ಅಧಿಕಾರ ವೆಂಕಟಪ್ಪ ನಾಯಕರ ಕೈಗೆ ಬಂತು. ಟೇಲರ್ ನಳದುರ್ಗದ ಕಡೆ ಹೋದ. ತರುಣ ರಾಜರು ಖರ್ಚಿನಲ್ಲಿ ಹಿಡಿತ ತಪ್ಪಿದರು, ಮತ್ತೆ ಸಾಲವಾಯಿತು ಎಂದು ಟೇಲರ್ ಬರೆಯುತ್ತಾನೆ. ಇರಬಹುದು. ಆದರೆ ಅವರ ಮನಸ್ಸಿನಲ್ಲಿ ಕುದಿಯುತ್ತಿದ್ದದ್ದು ಸಾಲವೊಂದೇ ಅಲ್ಲ. ಔರಂಗಜೇಬನಿಗೇ ಬಗ್ಗದ ಮನೆತನ ಪರದೇಶಿಯರ ಅಪ್ಪಣೆಗೆ ಕಾಯುತ್ತ ಕೂಡಬೇಕಾಗಿತ್ತು.

1857ರಲ್ಲಿ ಉತ್ತರದಲ್ಲಿ ಬೆಂಕಿ ಹತ್ತಿತು. ಜನರ ಕೈಯಿಂದ ಆಯುಧ ಕಸಿಯುವ ಕಾನೂನು ಬಂತು. ಆ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಕೊಡುವುದಿಲ್ಲವೆಂದು ತಿರುಗಿಬಿದ್ದು ಪ್ರಾಣ ಕೊಟ್ಟರು. ಸುರಪುರದಲ್ಲಿಯೂ ದಂಡು ಕೂಡತೊಡಗಿತು. ರಾಜರು ಬಂಡಾಯಕ್ಕೆ ಸಿದ್ಧರಾಗುತ್ತಿದ್ದಾರೆಂಬ ಗುಮಾನಿ ಇಂಗ್ಲಿಷರಿಗೆ ಬಂತು. ವಿಚಾರಣೆಗೆಂದು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಕಳಿಸಿದರು. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ಪಡೆ ಬಂದು ಊರ ಹತ್ತಿರ ಬೀಡುಬಿಟ್ಟಿತು.

1858ರ ಫೆಬ್ರುವರಿ 7ರ ರಾತ್ರಿ ಸುರಪುರದ ದಂಡು ಆ ಬೀಡಿನ ಮೇಲೆ ಬಿತ್ತು. ಬೆಳಗಾಗುವುದರೊಳಗೆ ಇಂಗ್ಲಿಷರಿಗೆ ಕುಮ್ಮಕ್ಕು ಬಂತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಬಿದ್ದ, ಇನ್ನೊಬ್ಬ ಅಧಿಕಾರಿ ಗಾಯಗೊಂಡು ಸತ್ತ. ಆದರೆ ಹೊರಗಿನಿಂದ ಬರಬೇಕಾದ ಸಹಾಯ ರಾಜರಿಗೆ ಬರಲಿಲ್ಲ. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದು ನಿಂತದ್ದು ಮೇ ತಿಂಗಳಲ್ಲಿ. ಎಲ್ಲರೂ ಒಂದೇ ಹೊತ್ತಿಗೆ ಎದ್ದಿದ್ದರೆ ಏನಾಗುತ್ತಿತ್ತೋ! ಒಬ್ಬೊಬ್ಬರೇ ಎದ್ದರು, ಒಬ್ಬೊಬ್ಬರೇ ಬಿದ್ದರು. ರಾಜರು ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದರು. ಅಲ್ಲಿ ಆಸರೆ ಸಿಗಬಹುದೆಂಬ ನಂಬಿಗೆ ಇತ್ತು. ಆದರೆ ನಿಜಾಮರ ದಿವಾನ ಸಾಲಾರ್ ಜಂಗ್ ಅವರನ್ನು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದ.

ಹೆಸರು ಹೇಳದ ದೊರೆ

ಸೆರೆಮನೆಯಲ್ಲಿ ಟೇಲರ್ ಅವರನ್ನು ನೋಡಲು ಹೋದ. ಕಂಡೊಡನೆ ಕೊರಳಿಗೆ ಬಿದ್ದು ಅತ್ತರಂತೆ. ಜೊತೆಗಿದ್ದವರು ಯಾರು, ಚಿತಾವಣೆ ಕೊಟ್ಟವರು ಯಾರು, ಹೆಸರು ಹೇಳಿದರೆ ದಯೆ ತೋರಿಸಲು ಹಾದಿ ಇದೆ ಎಂಬ ಮಾತು ಬಂತು. ರಾಜರು ಒಬ್ಬರ ಹೆಸರನ್ನೂ ಹೇಳಲಿಲ್ಲ. ನಂಬಿ ಬಂದವರನ್ನು ತೋರಿಸಿಕೊಟ್ಟು ತಾನು ಬದುಕುವುದು ಬೇಡವೆಂದರು. ಸಾಯುವುದಾದರೆ ಕಳ್ಳನ ಹಾಗೆ ಗಲ್ಲಿಗೆ ಹಾಕಬೇಡಿರಿ, ತೋಪಿನ ಬಾಯಿಗೆ ಕಟ್ಟಿರಿ ಎಂದಷ್ಟೇ ಕೇಳಿಕೊಂಡರು. ಅಂಥ ಹೊತ್ತಿನಲ್ಲಿ ಇಪ್ಪತ್ನಾಲ್ಕರ ಹುಡುಗ ಇಷ್ಟು ಗಟ್ಟಿ ನಿಂತದ್ದೇ ಆತನ ದೊಡ್ಡಸ್ತಿಕೆ. ನಮ್ಮ ಜನ ಆತನನ್ನು ನೆನೆಯುವುದು ಗೆದ್ದ ಕಾಳಗಕ್ಕಲ್ಲ, ಉಳಿಸಿಕೊಂಡ ಈ ನಂಬಿಗೆಗೆ.

ಮೊದಲು ಮರಣದಂಡನೆ ಎಂದಾಯಿತು. ಆಮೇಲೆ ಅದು ಕರಿನೀರಿನ ಶಿಕ್ಷೆಯಾಯಿತು. ಕೊನೆಗೆ ಗವರ್ನರ್ ಜನರಲ್ ಅದನ್ನು ಇಳಿಸಿ ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದು ನಿರ್ಧರಿಸಿದ. ನಡತೆ ಸರಿ ಇದ್ದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. ಆದರೆ 1858ರ ಮೇ ತಿಂಗಳಲ್ಲಿ ಹೈದರಾಬಾದ ಬಿಟ್ಟ ಮೊದಲ ಮಜಲಿನಲ್ಲಿಯೇ ಗುಂಡಿನ ಸಪ್ಪಳ ಕೇಳಿತು. ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲು ತೆಗೆದುಕೊಂಡು ರಾಜರು ತಾವೇ ಹೊಡೆದುಕೊಂಡರು ಎಂದು ಇಂಗ್ಲಿಷರ ಬರಹ ಹೇಳುತ್ತದೆ. ಇದನ್ನು ಒಪ್ಪದವರೂ ಉಂಟು. ಇಂಗ್ಲಿಷರೇ ಕೊಂದರು ಎನ್ನುವ ಮಾತು ನಮ್ಮ ಸೀಮೆಯಲ್ಲಿ ಇಂದಿಗೂ ಇದೆ. ಹೇಗಾದರೂ ಆಗಲಿ, ಸುರಪುರದ ರಾಜ್ಯ ಅಲ್ಲಿಗೆ ಮುಗಿಯಿತು. 1860ರಲ್ಲಿ ಇಂಗ್ಲಿಷರು ಸಂಸ್ಥಾನವನ್ನು ನಿಜಾಮನಿಗೆ ಇನಾಮಾಗಿ ಕೊಟ್ಟರು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಹಿರಿಯರು ಆ ಆಡಳಿತದಲ್ಲೇ ದಿನ ತೆಗೆದರು.

ನಮಗೆ ಉಳಿದ ಬುತ್ತಿ

ರಾಜ್ಯ ಹೋಯಿತು, ಗುಡಿ ಉಳಿಯಿತು. ದೊರೆ ಹೋದರು, ಜಾತ್ರೆ ನಿಲ್ಲಲಿಲ್ಲ. ಗೋಪಾಲಸ್ವಾಮಿಯ ಕಂಬಕ್ಕೆ ಪ್ರತಿ ವರ್ಷ ಹೊಸ ಹುಡುಗರು ಏರುತ್ತಲೇ ಇದ್ದಾರೆ. ಕೆಳಗಿನವನು ಹೆಗಲು ಕೊಡದೆ ಮೇಲಿನವನು ಏರುವುದಿಲ್ಲ ಎಂಬುದು ಆ ಆಟದ ಮರ್ಮ. ಸಹಕಾರದ ಮರ್ಮವೂ ಅದೇ ಅಲ್ಲವೇ?

ವೆಂಕಟಪ್ಪ ನಾಯಕರ ಬಾಳಿನಿಂದ ನಾವು ಎರಡು ಪಾಠ ಕಲಿಯಬೇಕು. ತೀರಿಸಲಾರದ ಸಾಲ ಮನೆಯೊಳಗೆ ಬಂದರೆ ಅದರ ಹಿಂದೆಯೇ ಪರರ ಅಧಿಕಾರವೂ ಬರುತ್ತದೆ, ಇದು ಒಂದು. ಕಷ್ಟ ಬಂದಾಗ ಜೊತೆಗಾರರನ್ನು ಬಿಟ್ಟುಕೊಡಬಾರದು, ಇದು ಇನ್ನೊಂದು. ಒಬ್ಬರಿಗೊಬ್ಬರು ಜಾಮೀನು ನಿಂತು, ಪಡೆದದ್ದನ್ನು ಸಕಾಲಕ್ಕೆ ಮರಳಿಸಿ, ಇಪ್ಪತ್ತೈದು ವರ್ಷ ಸಂಘವನ್ನು ನಡೆಸಿಕೊಂಡು ಬಂದ ನಮ್ಮ ಹಿರಿಯ ಸದಸ್ಯರು ಈ ಎರಡನ್ನೂ ಬಲ್ಲವರು. ಮುಂದಿನ ಪೀಳಿಗೆಯೂ ಅದನ್ನು ಉಳಿಸಿಕೊಂಡು ಹೋಗಲಿ. ಸಗರನಾಡಿನ ಆ ತರುಣ ದೊರೆಗೆ ನಮ್ಮೆಲ್ಲರ ನಮನಗಳು.