ಮೈಕಿನ ಮಹನೀಯ ಜಾರ್ಜ್ ನ್ಯೂಮನ್



ಹೋದ ಆಗಸ್ಟ್ 15 ರಂದು ನಮ್ಮ ಸಾಲ್ಯಾಗ ಏನಾತು ಅಂತ ನಿಮಗೆ ನೆನಪೈತಿ. ನಮ್ಮ ವರ್ಗದ ಹುಡುಗಿ ಒಂದು ತಿಂಗಳು ಕಲಿತ ಹಾಡು ಹಾಡುವಾಗ ನಡುವೆಯೇ ಮೈಕ್ ಬಂದಾತು. ನಾವು ಐದಾರು ಮಂದಿ ಓಡಿಹೋಗಿ ಫೂ ಫೂ ಎಂದು ಊದಿದೆವು, ಕೈಯಿಂದ ಬಡಿದೆವು. ಹಿಂದೆ ಕುಂತವರಿಗೆ ಹಾಡು ಕೇಳಲೇ ಇಲ್ಲ. ಅವಳು ಅತ್ತಳು. ಆಮೇಲೆ ಬೈಲಹೊಂಗಲದ ಮೈಕಿನ ಕಾಕಾ ನೋಡಿದರೆ ಮೈಕ್ ಚಲೋನ ಇತ್ತು, ವಾಯರ್ ಒಳಗೆ ಹರಿದಿತ್ತು. ಇದು ಸುರುಳಿಯ ಮೈಕ್ ಅಂತ ತಡೀತು, ಕಂಡೆನ್ಸರ್ ಮೈಕ್ ಆಗಿದ್ದರೆ ನಿಮ್ಮ ಉಸಿರಿಗೇ ಕೆಡತಿತ್ತು ಎಂದು ಅವರು ಹೇಳಿದರು. ಅದಕ್ಕೆ ಆ ಮೈಕಿನಿಂದ ಹೆಸರಾದ ಜಾರ್ಜ್ ನ್ಯೂಮನ್ ಅವರ ಬಗ್ಗೆ ಬರೆದಿದ್ದೇನೆ.

ಇವರು 1898 ಅಕ್ಟೋಬರ್ 13 ರಂದು ಜರ್ಮನಿ ದೇಶದ ಕೊರಿನ್ ಎಂಬ ಊರಿನಲ್ಲಿ ಜನಿಸಿದರು. ಬರ್ಲಿನ್ ನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿತರು. ಮುಂದೆ ರೈಸ್ ಎಂಬುವರ ಹತ್ತಿರ ಇದ್ದಲಿನ ಪುಡಿಯ ಮೈಕ್ ಮಾಡುವ ಕೆಲಸದಲ್ಲಿದ್ದರು. ಕಂಡೆನ್ಸರ್ ಮೈಕನ್ನು 1916 ರಲ್ಲಿಯೇ ಅಮೆರಿಕಾದ ವೆಂಟೆ ಎಂಬುವರು ಕಂಡುಹಿಡಿದಿದ್ದರು. ನ್ಯೂಮನ್ ಅವರು 1928 ರಲ್ಲಿ ಸ್ವಂತ ಕಂಪನಿ ತೆಗೆದು, ಅದನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿ ಮಾರಿದರು. ಅದು ಸೀಸೆಯ ಹಾಗೆ ಇದ್ದುದರಿಂದ ಜನ ಅದಕ್ಕೆ ನ್ಯೂಮನ್ ಸೀಸೆ ಎಂದೇ ಕರೆದರು.

ಈ ಮೈಕಿನೊಳಗೆ ಬಹಳ ತೆಳ್ಳಗಿನ ಒಂದು ಪರದೆ, ಅದರ ಹಿಂದೆ ಲೋಹದ ಬಿಲ್ಲೆ ಇರುತ್ತದೆ. ನಡುವಿನ ಸಂದು ಕೂದಲೆಳೆಯಷ್ಟು. ನಾವು ಮಾತಾಡಿದರೆ ಪರದೆ ಅಲುಗಾಡಿ ಸಂದು ಹೆಚ್ಚು ಕಡಿಮೆ ಆಗುತ್ತದೆ. ಅದರಿಂದ ವಿದ್ಯುತ್ತಿನಲ್ಲಿ ಏರಿಳಿತ ಆಗಿ ದನಿ ಮುಂದೆ ಹೋಗುತ್ತದೆ. ಅಲ್ಲಿ ತೇವ ಸೇರಿದರೆ ವಿದ್ಯುತ್ತು ಸೋರಿ ಚಿರ್ ಚಿರ್ ಸಪ್ಪಳ ಬರುತ್ತದೆ.

ಎರಡನೇ ಮಹಾಯುದ್ಧದಲ್ಲಿ, 1943 ರ ನವೆಂಬರ್‌ನಲ್ಲಿ, ಬಾಂಬ್ ಬಿದ್ದು ಇವರ ಕಾರ್ಖಾನೆ ಸುಟ್ಟಿತು. ಆದರೂ ಇವರು ಧೈರ್ಯ ಬಿಡಲಿಲ್ಲ. ಗೆಫೆಲ್ ಎಂಬ ಸಣ್ಣ ಊರಿಗೆ ಹೋಗಿ ಕೆಲಸ ನಡೆಸಿದರು. ಯುದ್ಧ ಮುಗಿದ ಮೇಲೆ ಬರ್ಲಿನ್‌ನಲ್ಲಿ ಮತ್ತೆ ಶುರು ಮಾಡಿದರು. 1949 ರಲ್ಲಿ ಬಂದ ಯು 47 ಎಂಬ ಇವರ ಮೈಕ್ ಜಗತ್ತಿನ ತುಂಬ ಹೆಸರಾತು. ಇವರು 1976 ಆಗಸ್ಟ್ 30 ರಂದು ನಿಧನರಾದರು.

ಹಳೆಯ ಯು 47 ಮೈಕುಗಳನ್ನು ಇವತ್ತಿಗೂ ರಿಪೇರಿ ಮಾಡಿ ಬಳಸುತ್ತಾರೆ. ಕೆಟ್ಟರೆ ಮೊದಲು ವಾಯರ್ ಬದಲಿಸಿ ನೋಡಬೇಕು. ಆಮೇಲೆ ಕರೆಂಟ್ ಕೊಡುವ ಡಬ್ಬಿ, ಆಮೇಲೆ ವಾಲ್ವ್. ಅದರ ವಾಲ್ವ್ ಈಗ ತಯಾರಾಗುವುದಿಲ್ಲ, ಅದಕ್ಕೆ ಸಿಗುವುದು ಕಷ್ಟ. ಕಡೆಗೆ ಪರದೆ. ತೇವ ಆಗಿದ್ದರೆ ಒಣ ಜಾಗದಲ್ಲಿ ಇಟ್ಟರೆ ಎಷ್ಟೋ ಸಲ ಸರಿಯಾಗುತ್ತದೆ. ಪರದೆಗೆ ಬಂಗಾರದ ತೆಳುವಾದ ಲೇಪ ಇರುತ್ತದೆ, ಬೆರಳಿನಿಂದ ಒರೆಸಿದರೆ ಹಾಳು. ಒಳಗೆ ನೂರು ವೋಲ್ಟಿಗಿಂತ ಹೆಚ್ಚು ಕರೆಂಟ್ ಇರುತ್ತದೆ, ನಾವು ಮಕ್ಕಳು ಬಿಚ್ಚಲೇಬಾರದು.

ಬರುವ ಜನವರಿ 26 ಕ್ಕೆ ಆ ಹುಡುಗಿ ಅದೇ ಹಾಡು ಮತ್ತೆ ಹಾಡುತ್ತಾಳೆ. ಹಿಂದಿನ ದಿನಾನೇ ನಾವು ವಾಯರ್ ನೋಡಿ ಇಡೋಣ. ಮೈಕಿಗೆ ಮಾತ್ರ ಯಾರೂ ಊದಬ್ಯಾಡ್ರಿ.

– 7ನೇ ವರ್ಗದ ವಿದ್ಯಾರ್ಥಿ