ಎಸ್. ಆರ್. ರಂಗನಾಥನ್ ಹುಟ್ಟಿದ್ದು ಆಗಸ್ಟ್ 12ರಂದೇ? ಪುಸ್ತಕದ ಬೆನ್ನ ಮೇಲಿನ ನಂಬರಿನ ಹಿಂದಿರುವ ಮನುಷ್ಯನ ಕಥೆ

ಪ್ರತಿ ವರ್ಷ ಆಗಸ್ಟ್ 12 ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕನ್ನಡಕ ತೊಟ್ಟ ಒಬ್ಬ ಹಿರಿಯರ ಫೋಟೋ ಓಡಾಡುತ್ತದೆ. ರಾಷ್ಟ್ರೀಯ ಗ್ರಂಥಪಾಲಕರ ದಿನದ ಶುಭಾಶಯ, ಜೊತೆಗೆ ಎಸ್. ಆರ್. ರಂಗನಾಥನ್ ಅವರ ಜನ್ಮದಿನ ಎಂಬ ಒಂದು ಸಾಲು. ದಿನಾಚರಣೆ ನಿಜ, ಫೋಟೋ ಕೂಡ ಅವರದೇ. ಹುಟ್ಟಿದ ದಿನ ಮಾತ್ರ ತಪ್ಪು. ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ 9ರಂದು, ಇಂದಿನ ತಮಿಳುನಾಡಿನ ಶೀರ್ಕಾಳಿಯಲ್ಲಿ. ದಾಖಲೆಗೆ ಹೋಗಿದ್ದು 12. ನಮ್ಮ ಕಡೆ ಹಳೆಯ ತಲೆಮಾರಿನ ಎಷ್ಟು ಜನರ ಹುಟ್ಟುಹಬ್ಬ ಜೂನ್ 1ಕ್ಕೆ ಬರುತ್ತದೆ ಎಂದು ನೆನಪಿಸಿಕೊಂಡರೆ ಇದು ಹೇಗಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ತಾರೀಖಿನ ತಪ್ಪು ದೊಡ್ಡದೇನಲ್ಲ. ಈ ಫಾರ್ವರ್ಡ್‌ಗಳಲ್ಲಿ ನಮಗೆ ಬೇಸರ ತರಿಸುವುದು ಬೇರೆ ಸಂಗತಿ. ಅವರು ಗ್ರಂಥಾಲಯ ಶಾಸ್ತ್ರದ ಪಿತಾಮಹ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮಾಡಿದ್ದೇನು ಎಂಬುದು ಇರುವುದೇ ಇಲ್ಲ.

ಮೊದಲು ಹೇಳಬೇಕಾದ ಮಾತು ಎಂದರೆ, ರಂಗನಾಥನ್ ಅವರಿಗೆ ಗ್ರಂಥಪಾಲಕರಾಗುವ ಆಸೆಯೇ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದರು. ಮಾತನಾಡುವಾಗ ಉಗ್ಗು ಬರುತ್ತಿತ್ತು. ಆದರೂ ಆರಿಸಿಕೊಂಡದ್ದು ಮೇಷ್ಟರ ಕೆಲಸ! 1917ರಲ್ಲಿ ಪಾಠ ಮಾಡಲು ಹೋಗಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿಂದ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಸಂಬಳ ಕಡಿಮೆ. ಮದ್ರಾಸ್ ವಿಶ್ವವಿದ್ಯಾಲಯ ಮೊದಲ ಬಾರಿಗೆ ಗ್ರಂಥಪಾಲಕರ ಹುದ್ದೆ ತೆರೆದಾಗ, ಸಂಬಳ ಹೆಚ್ಚು ಎಂಬ ಕಾರಣಕ್ಕೆ ಸ್ನೇಹಿತರು ಅರ್ಜಿ ಹಾಕಿಸಿದರು. ಸಂದರ್ಶನಕ್ಕೆ ಅವರ ತಯಾರಿ ಬ್ರಿಟಾನಿಕಾ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿದ್ದು, ಅಷ್ಟೇ. ಕೆಲಸ ಸಿಕ್ಕಿಬಿಟ್ಟಿತು.

1924ರ ಜನವರಿಯಲ್ಲಿ ಕುರ್ಚಿಯಲ್ಲಿ ಕೂತ ಕೆಲವೇ ದಿನಗಳಲ್ಲಿ ಅವರಿಗೆ ಉಸಿರುಗಟ್ಟಿತು. ತರಗತಿ ತುಂಬ ಹುಡುಗರನ್ನು ಕಂಡವರಿಗೆ ಆ ಮೌನ ಸಹಿಸಲು ಆಗಲಿಲ್ಲ. ಪಾಠಕ್ಕೆ ವಾಪಸ್ ಕಳಿಸಿ ಎಂದು ಕೇಳಿಕೊಂಡರು. ಒಂದು ಒಪ್ಪಂದವಾಯಿತು: ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬರಲಿ, ಆಮೇಲೂ ಬೇಡವೆನಿಸಿದರೆ ನೋಡೋಣ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ವರ್ಗೀಕರಣ ಕಲಿಸಿದವರು ಬರ್ವಿಕ್ ಸೇಯರ್ಸ್. ಪುಸ್ತಕಗಳನ್ನು ಬಣ್ಣ, ಗಾತ್ರ ಅಥವಾ ಲೇಖಕರ ಹೆಸರಿನ ಪ್ರಕಾರ ಇಡುವುದಲ್ಲ, ವಿಷಯದ ಪ್ರಕಾರ ಇಡುವುದು ಎಂಬುದು ಈ ಪಾಠದ ತಿರುಳು. ಅಲ್ಲಿ ಚಾಲ್ತಿಯಲ್ಲಿದ್ದ ದೊಡ್ಡ ಪದ್ಧತಿ ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡುತ್ತಾ ಹೋಗುವುದು. 500 ವಿಜ್ಞಾನ, ಅದರೊಳಗೆ 510 ಗಣಿತ. ನಿಮ್ಮ ಕಾಲೇಜು ಗ್ರಂಥಾಲಯದ ಕನ್ನಡ ಕಾದಂಬರಿಯ ಬೆನ್ನ ಮೇಲೆ 894.814 ಎಂದು ಇದ್ದರೆ ಅದು ಡ್ಯೂಯಿಯ ನಂಬರು, ಕನ್ನಡ ಸಾಹಿತ್ಯದ ವಿಳಾಸ. ಅದೇ ಪದ್ಧತಿಯಲ್ಲಿ ಧರ್ಮಕ್ಕೆಂದು ಇಟ್ಟ 200ರ ಸಾಲಿನ ಬಹುಪಾಲು ಕ್ರೈಸ್ತ ಧರ್ಮಕ್ಕೆ ಹೋಗಿದೆ. ಹಿಂದೂ, ಬೌದ್ಧ, ಜೈನ, ಇಸ್ಲಾಂ ಎಲ್ಲವೂ 290ರ ಇಕ್ಕಟ್ಟಿನಲ್ಲಿ.

ರಂಗನಾಥನ್ ಅವರಿಗೆ ಕಂಡ ತೊಡಕು ಇನ್ನೂ ಆಳದ್ದು. ಭತ್ತದ ರೋಗಗಳ ಬಗ್ಗೆ ಒಂದು ಪುಸ್ತಕ ಬಂತು ಎಂದುಕೊಳ್ಳಿ. ಅದನ್ನು ಭತ್ತದ ಜೊತೆ ಇಡಬೇಕೋ, ಬೆಳೆ ರೋಗಗಳ ಜೊತೆ ಇಡಬೇಕೋ? ಅದು ಕರ್ನಾಟಕದ ಭತ್ತವಾದರೆ? ಮೊದಲೇ ಕಟ್ಟಿಟ್ಟ ಮನೆಗಳ ಪಟ್ಟಿಯಲ್ಲಿ ಯಾವುದೋ ಒಂದನ್ನು ಆರಿಸಬೇಕು, ಉಳಿದದ್ದನ್ನು ಬಿಡಬೇಕು. ತಪ್ಪು ಕಪಾಟಿಗೆ ಹೋದ ಪುಸ್ತಕ ಕಟ್ಟಡದೊಳಗೇ ಇದ್ದರೂ ಕಳೆದುಹೋದ ಹಾಗೆಯೇ. ಹುಡುಕಿ ಬಂದ ವಿದ್ಯಾರ್ಥಿ ಬರಿಗೈಲಿ ಹೋಗುತ್ತಾನೆ.

ಉತ್ತರ ಹೊಳೆದದ್ದು ಲಂಡನ್ನಿನ ಸೆಲ್ಫ್‌ರಿಡ್ಜಸ್ ಎಂಬ ದೊಡ್ಡ ಅಂಗಡಿಯಲ್ಲಿ, ಅದೂ ಮಕ್ಕಳ ಆಟಿಕೆಯ ಮುಂದೆ. ಮೆಕ್ಯಾನೋ ಎಂಬ ಆಟಿಕೆ: ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು ಬೋಲ್ಟು. ಅವೇ ತುಂಡುಗಳಿಂದ ಒಮ್ಮೆ ಕ್ರೇನು, ಬಿಚ್ಚಿ ಜೋಡಿಸಿದರೆ ಇನ್ನೊಂದು ಗಾಡಿ. ವಿಷಯಗಳಿಗೂ ಹೀಗೆಯೇ ಮಾಡಿದರೆ? ಸಿದ್ಧ ನಂಬರುಗಳ ಉದ್ದದ ಪಟ್ಟಿ ಬೇಡ, ಬಿಡಿ ತುಂಡುಗಳಿದ್ದರೆ ಸಾಕು. ಪುಸ್ತಕ ಕೈಗೆ ಬಂದಾಗ ಬೇಕಾದ ತುಂಡುಗಳನ್ನು ಜೋಡಿಸಿಕೊಳ್ಳುವುದು. ನಟ್ಟು ಬೋಲ್ಟಿನ ಜಾಗದಲ್ಲಿ ಒಂದರ ಮೇಲೊಂದು ಕೂತ ಎರಡು ಚುಕ್ಕಿ, ಅಂದರೆ ಕೋಲನ್. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ, ಕನ್ನಡದ ಪಠ್ಯಗಳ ದ್ವಿಬಿಂದು ವರ್ಗೀಕರಣ, ಹುಟ್ಟಿದ್ದು ಹೀಗೆ.

ಅವರು 1925ರಲ್ಲಿ ಮದ್ರಾಸಿಗೆ ಮರಳಿದರು. ಕಾಲೇಜಿಗೆ ವಾಪಸ್ ಹೋಗುವ ಮಾತು ಮತ್ತೆ ಬರಲಿಲ್ಲ. ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. 1929ರಲ್ಲಿ ಗ್ರಂಥಪಾಲಕರಿಗೆ ತರಬೇತಿ ಶಾಲೆ ಶುರುವಾಯಿತು. ತರಗತಿ ಬಿಟ್ಟು ಬಂದ ಮೇಷ್ಟರು ಸುತ್ತಿ ಬಳಸಿ ತರಗತಿಗೇ ಸೇರಿದರು ಎನ್ನಬಹುದು.

ಈ ಪದ್ಧತಿಯಲ್ಲಿ ಕಲಿಯುವವರು ಸಂಖ್ಯೆಗಳನ್ನು ಬಾಯಿಪಾಠ ಮಾಡಿದರೆ ಸಾಲದು, ಪುಸ್ತಕದ ವಿಷಯವನ್ನು ಬಿಡಿಸಿ ನೋಡಬೇಕು. ಮುಂದಿನ ಆವೃತ್ತಿಗಳಲ್ಲಿ ಇದು ಐದು ಪ್ರಶ್ನೆಗಳಾಗಿ ಗಟ್ಟಿಯಾಯಿತು: ಮುಖ್ಯವಾಗಿ ಯಾವುದರ ಬಗ್ಗೆ, ಯಾವ ವಸ್ತು ಅಥವಾ ಗುಣ, ಏನು ಕ್ರಿಯೆ, ಎಲ್ಲಿ, ಯಾವಾಗ. ಪಾಠಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ಇದು: ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆ ಕುರಿತು 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ. ಇದರ ನಂಬರು ಎಲ್,45;421:6;253:ಎಫ್.44'ಎನ್5. ನೋಡಿದರೆ ಹೆದರಿಕೆಯಾಗುತ್ತದೆ, ಒಪ್ಪಿದೆವು. ಬಿಡಿಸಿದರೆ ಸಲೀಸು. ಎಲ್ ಅಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್‌ರೇ, ಎಫ್ ಸಂಶೋಧನೆ, 44 ಭಾರತ, ಎನ್5 ಎಂದರೆ 1950. ಪುಸ್ತಕದ ವಿಷಯ ಪೂರ್ತಿ ಒಂದು ಸಾಲಿನಲ್ಲಿದೆ.

ಅಂದಮೇಲೆ ನಮ್ಮ ಗ್ರಂಥಾಲಯಗಳೆಲ್ಲ ಇದನ್ನೇ ಬಳಸುತ್ತಿರಬೇಕಲ್ಲ? ಇಲ್ಲ. ಭಾರತದಲ್ಲೂ ಹೆಚ್ಚು ಕಾಣುವುದು ಡ್ಯೂಯಿ ಪದ್ಧತಿಯೇ. ಉದ್ದದ ನಂಬರನ್ನು ಸಣ್ಣ ಚೀಟಿಯಲ್ಲಿ ಬರೆದು ಅಂಟಿಸುವುದು, ಅದನ್ನು ನೋಡಿ ಕಪಾಟಿನಲ್ಲಿ ಜೋಡಿಸುವುದು ಕಷ್ಟ. ಆದರೆ ರಂಗನಾಥನ್ ಅವರ ವಿಚಾರ ಸೋಲಲಿಲ್ಲ. ತುಂಡು ಜೋಡಿಸುವ ಗುಣವನ್ನು ಡ್ಯೂಯಿಯ ಮುಂದಿನ ಆವೃತ್ತಿಗಳೂ ಹೆಚ್ಚು ಹೆಚ್ಚು ಅಳವಡಿಸಿಕೊಂಡವು. ನೀವು ಫೋನಿನಲ್ಲಿ ಸೀರೆ ಹುಡುಕುವಾಗ ಬಣ್ಣ, ಬಟ್ಟೆ, ಬೆಲೆ ಎಂದು ಒಂದೊಂದೇ ಗುರುತು ಹಾಕುತ್ತೀರಲ್ಲ, ಅದರ ಹಿಂದಿರುವುದೂ ಇದೇ ಜಾಣತನ: ಒಂದು ವಸ್ತುವನ್ನು ಹಲವು ಮುಖಗಳಿಂದ ಗುರುತಿಸುವುದು.

ನಿವೃತ್ತಿ ಎಂಬುದು ಅವರಿಗೆ ಒಗ್ಗಲಿಲ್ಲ. 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಹೆಚ್ಚುಕಡಿಮೆ ಒಬ್ಬರೇ ಕೂತು ವರ್ಗೀಕರಿಸಿದರು. ಆಮೇಲೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ, ಕೆಲಕಾಲ ಸ್ವಿಟ್ಜರ್ಲೆಂಡಿನ ಜ್ಯೂರಿಕ್. 1957ರಲ್ಲಿ ಪದ್ಮಶ್ರೀ ಬಂತು. ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು, ಆ ಕಾಲದ ಒಂದು ಲಕ್ಷ, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಹೆಚ್ಚು ಸಂಬಳಕ್ಕೆಂದು ಈ ಕೆಲಸಕ್ಕೆ ಬಂದವರು ಇವರೇ.

ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದಾಗ ಅವರಿಗೆ ಎಪ್ಪತ್ತರ ಹತ್ತಿರ. 1967ರಲ್ಲಿ ಗಣಿತಜ್ಞ ರಾಮಾನುಜನ್ ಅವರ ಜೀವನಚರಿತ್ರೆಯನ್ನೂ ಬರೆದರು, ಹಳೆಯ ಗಣಿತದ ಮೇಷ್ಟರಲ್ಲವೇ! 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರು ಕಟ್ಟಿದ ಕೇಂದ್ರ ಈಗಲೂ ಮೈಸೂರು ರಸ್ತೆಯಲ್ಲಿದೆ, ಅಲ್ಲಿ ಈಗಲೂ ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ.